ಬ್ರೆಜಿಲ್‌ನವರ ಊಟಕ್ಕೆ ಜ್ಯೂಸ್ ಯಾಕೆ ಬೇಕು?

ಪ್ರಶ್ನೆ: ನನ್ನ ಗಂಡನಿಗೆ ಸಾವ್ ಪಾವ್ಲೊ ನಗರಕ್ಕೆ ವರ್ಗ ಆಗಿದೆ. ಜೂನ್‌ನಲ್ಲಿ ನಾನೂ ಹೊರಡುತ್ತೇನೆ. ಆಮೇಲೆ ಅತ್ತೆಯವರು ಎರಡು ತಿಂಗಳು ಬಂದಿರುತ್ತಾರೆ, ಅವರಿಗೆ ಸಕ್ಕರೆ ಕಾಯಿಲೆ ಇದೆ. ಅಲ್ಲಿ ಅನ್ನ, ಕಾಳಿನ ಜೊತೆಗೂ ಜನ ಜ್ಯೂಸ್ ಕುಡಿಯುತ್ತಾರಂತೆ. ನಮ್ಮಲ್ಲಿ ಜ್ಯೂಸ್ ಅಂದರೆ ಜ್ವರ ಬಂದಾಗ, ಇಲ್ಲಾ ಪೇಟೆಗೆ ಹೋದಾಗ. ಅಲ್ಲಿ ಯಾಕೆ ಹಾಗೆ? ಅದು ತಾಜಾ ಹಣ್ಣಿನದ್ದಾ, ಪ್ಯಾಕೆಟ್‌ನದ್ದಾ? ನಾವು ಸಸ್ಯಾಹಾರಿಗಳು. ಏನು ಕುಡಿಯಬಹುದು, ಹೇಗೆ ಕೇಳಬೇಕು? (ಹುಬ್ಬಳ್ಳಿಯ ಓದುಗರು)

ಉತ್ತರ: ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಹಣ್ಣು ಸಂಸ್ಕರಣೆಯ ಕೆಲಸದ ಮೇಲೆ ನಾನು ಸಾವ್ ಪಾವ್ಲೊ ಪಕ್ಕದ ಕಂಪೀನಾಸ್‌ನಲ್ಲಿ ಕೆಲವು ವರ್ಷ ಇದ್ದೆ. ಹೋದ ಮೊದಲ ವಾರ ನನಗೂ ಇದೇ ಪ್ರಶ್ನೆ ಬಂದಿತ್ತು. ಮಧ್ಯಾಹ್ನ ಹೋಟೆಲಿನಲ್ಲಿ ಕೂತರೆ ತಟ್ಟೆ ತುಂಬ ಅನ್ನ, ಬೇಯಿಸಿದ ಕಾಳು, ಸ್ವಲ್ಪ ಸೊಪ್ಪು, ಪಕ್ಕದಲ್ಲಿ ಎತ್ತರದ ಲೋಟದಲ್ಲಿ ಹಳದಿ ಜ್ಯೂಸ್. ಒಂದು ತುತ್ತು, ಒಂದು ಗುಟುಕು. ಅಲ್ಲಿ ಜ್ಯೂಸ್‌ಗೆ 'ಸುಕು' ಅನ್ನುತ್ತಾರೆ. ನಮ್ಮ ಊಟದಲ್ಲಿ ಮಜ್ಜಿಗೆಗೆ ಯಾವ ಜಾಗ ಇದೆಯೋ, ಅಲ್ಲಿ ಸುಕುಗೆ ಹೆಚ್ಚುಕಡಿಮೆ ಅದೇ ಜಾಗ. ಹಾಗೆ ನೋಡಿದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಉಳಿದ ಅರ್ಧಕ್ಕೆ ಉತ್ತರ ಹಣ್ಣಿನಲ್ಲೇ ಇದೆ. ನಮಗೆ ಹಣ್ಣು ಅಂದರೆ ಸುಲಿದು ಬಾಯಿಗೆ ಹಾಕಿಕೊಳ್ಳುವಂಥದ್ದು. ಬಾಳೆ, ಮಾವು, ಸೀಬೆ, ಚಿಕ್ಕು. ಬ್ರೆಜಿಲ್‌ನಲ್ಲೇ ಹುಟ್ಟಿ ಬೆಳೆದ ಎಷ್ಟೋ ಹಣ್ಣುಗಳು ಹಾಗಲ್ಲ. ಹಲ್ಲು ಜುಂ ಅನ್ನುವಷ್ಟು ಹುಳಿ, ಇಲ್ಲಾ ನಾಲಿಗೆ ಎಳೆಯುವಷ್ಟು ಒಗರು. ತಿರುಳು ಕಡಿಮೆ, ಬೀಜ ಜಾಸ್ತಿ. ಕಿತ್ತ ಎರಡು ಮೂರು ದಿನಕ್ಕೆ ಕೊಳೆಯಲು ಶುರು. ಪರಿಮಳ ಮಾತ್ರ ಇಡೀ ಮನೆ ತುಂಬುವಷ್ಟು. ಇಂಥ ಹಣ್ಣನ್ನು ಏನು ಮಾಡುತ್ತೀರಿ? ನೀರು ಬೆರೆಸಿ ಕುಡಿಯುತ್ತೀರಿ. ನಾವು ಹುಣಸೆಯನ್ನೋ ಪುನರ್ಪುಳಿಯನ್ನೋ ಹಾಗೇ ತಿನ್ನುವುದಿಲ್ಲ, ಅಲ್ವಾ? ಅಲ್ಲಿ ಜ್ಯೂಸ್ ಅನ್ನುವುದು ಹಣ್ಣು ತಿನ್ನುವ ಒಂದು ದಾರಿ.

ಇದಕ್ಕೆ ಒಳ್ಳೆಯ ಉದಾಹರಣೆ ಮರಕುಜಾ. ಕೊಡಗಿಗೆ ಹೋದವರಿಗೆ ಇದರ ಸ್ಕ್ವಾಷ್ ಬಾಟಲಿ ಗೊತ್ತಿರುತ್ತದೆ, ಪ್ಯಾಶನ್ ಫ್ರೂಟ್. ನಮ್ಮಲ್ಲಿ ಕೆಲವು ಕಡೆ ಜ್ಯೂಸ್ ಹಣ್ಣು ಅಂತಲೇ ಕರೆಯುತ್ತಾರೆ. ಇದರ ತವರು ದಕ್ಷಿಣ ಅಮೆರಿಕ. ಇವತ್ತು ಜಗತ್ತಿನಲ್ಲಿ ಇದನ್ನು ಅತಿ ಹೆಚ್ಚು ಬೆಳೆಯುವುದೂ ಬ್ರೆಜಿಲ್. ಅಲ್ಲಿನದು ಹಳದಿ ಸಿಪ್ಪೆಯ, ಅಂಗೈ ತುಂಬುವ ಹಣ್ಣು. ಸಿಪ್ಪೆ ಸುಕ್ಕಾಗಿದ್ದರೆ ಹಾಳಾಗಿದೆ ಅಂತ ಬಿಡಬೇಡಿ, ಒಳಗೆ ರಸ ಚೆನ್ನಾಗಿಯೇ ಇರುತ್ತದೆ. ಅಡ್ಡ ಕೊಯ್ದರೆ ಕೇಸರಿ ಬಣ್ಣದ ಲೋಳೆ, ಅದರ ತುಂಬ ಕಪ್ಪು ಬೀಜ. ಚಮಚದಲ್ಲಿ ಕೆರೆದು ಮಿಕ್ಸಿಗೆ ಹಾಕಿ, ನೀರು ಹಾಕಿ, ಗುಂಡಿಯನ್ನು ಮೂರು ನಾಲ್ಕು ಸಲ ಒತ್ತಿ ಬಿಡಬೇಕು ಅಷ್ಟೇ. ಟಕ್, ಟಕ್, ಟಕ್. ಬೀಜದಿಂದ ಲೋಳೆ ಬಿಡಬೇಕು, ಬೀಜ ಒಡೆಯಬಾರದು. ಮೊದಲ ಸಲ ನಾನು ಚಟ್ನಿ ರುಬ್ಬಿದ ಹಾಗೆ ಒಂದು ನಿಮಿಷ ಓಡಿಸಿಬಿಟ್ಟೆ. ಜ್ಯೂಸ್ ತುಂಬ ಕಪ್ಪು ಚೂರು, ಜೊತೆಗೆ ಕಹಿ. ಪಕ್ಕದ ಮನೆಯಾಕೆ ಬಂದು ಸರಿಯಾಗಿ ಮಾಡಿ ತೋರಿಸಿದರು. ಸೋಸಿದ ಮೇಲೆ ಒಂದು ಪಾಲು ರಸಕ್ಕೆ ಮೂರು ನಾಲ್ಕು ಪಾಲು ನೀರು ಹಿಡಿಯುತ್ತದೆ. ಅಷ್ಟು ಗಾಢವಾದ ಹಣ್ಣು ಅದು. ಯಾರಾದರೂ ಸಿಟ್ಟಾದರೆ, ಗಾಬರಿಯಾದರೆ "ಒಂದು ಲೋಟ ಮರಕುಜಾ ಕುಡಿ" ಅನ್ನುವುದು ಅಲ್ಲಿ ಮಾಮೂಲಿ ಮಾತು. ಮನಸ್ಸನ್ನು ತಣ್ಣಗೆ ಮಾಡುತ್ತದೆ ಅಂತ ನಂಬಿಕೆ. ಅಜ್ಜಿಯಂದಿರು ಇದನ್ನು ಔಷಧಿಯ ಹಾಗೆ ಕೊಡುತ್ತಾರೆ.

ಇನ್ನು ತಾಜಾನಾ, ಪ್ಯಾಕೆಟ್ಟಾ ಅನ್ನುವ ಪ್ರಶ್ನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಹೊರಗಿನಿಂದ ಹೋದವರು ಹೆಚ್ಚಾಗಿ ತಪ್ಪು ತಿಳಿಯುವುದು ಇಲ್ಲೇ. ಅಲ್ಲಿನ ಜ್ಯೂಸ್ ಅಂಗಡಿಯಲ್ಲಿ ಗೋಡೆಯ ಮೇಲೆ ಮೂವತ್ತು ನಲವತ್ತು ಹಣ್ಣಿನ ಹೆಸರು ಇರುತ್ತದೆ. ಎದುರಿಗೆ ತೂಗುಹಾಕಿದ ಹಣ್ಣು ಐದಾರು ಬಗೆ ಮಾತ್ರ. ಉಳಿದದ್ದು ಎಲ್ಲಿಂದ ಬಂತು? ಫ್ರೀಜರ್‌ನಿಂದ. ಹಣ್ಣಿನ ತಿರುಳನ್ನು ಬೀಜ ತೆಗೆದು, ಸೋಸಿ, ಚಿಕ್ಕ ಪ್ಲಾಸ್ಟಿಕ್ ಚೀಲದಲ್ಲಿ ಕಲ್ಲಿನ ಹಾಗೆ ಹೆಪ್ಪುಗಟ್ಟಿಸಿರುತ್ತಾರೆ. ಸಾಮಾನ್ಯವಾಗಿ 100 ಗ್ರಾಂ ಚೀಲ. ಇದಕ್ಕೆ 'ಪೋಲ್ಪ' ಅನ್ನುತ್ತಾರೆ. ಅಂಗಡಿಯವನು ಚೀಲ ಹರಿದು ಮಿಕ್ಸಿಗೆ ಹಾಕಿ, ನೀರನ್ನೋ ಹಾಲನ್ನೋ ಸುರಿದು ತಿರುಗಿಸುತ್ತಾನೆ. ಇದು ಮೋಸ ಅಲ್ಲ ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಅಸೆರೋಲಾ ಅನ್ನುವ ಕೆಂಪು ಹಣ್ಣನ್ನೇ ತೆಗೆದುಕೊಳ್ಳಿ. ನೋಡಲು ಚೆರಿ ಹಣ್ಣಿನ ಹಾಗೆ, ಕಿತ್ತಳೆಗಿಂತ ಹತ್ತು ಪಟ್ಟಿಗೂ ಮೀರಿ ವಿಟಮಿನ್ ಸಿ ಇದೆ. ಆದರೆ ಬುಟ್ಟಿಯಲ್ಲಿಟ್ಟರೆ ಒಂದೆರಡು ದಿನಕ್ಕೆ ಮೆತ್ತಗಾಗಿ ಸೋರುತ್ತದೆ. ಈಶಾನ್ಯ ಬ್ರೆಜಿಲ್‌ನಿಂದ ಸಾವ್ ಪಾವ್ಲೊಗೆ ಎರಡು ಸಾವಿರ ಕಿಲೋಮೀಟರ್‌ಗೂ ಜಾಸ್ತಿ ದಾರಿ. ಲಾರಿಯಲ್ಲಿ ಹಣ್ಣಾಗಿಯೇ ಬಂದರೆ ಉಳಿಯುವುದೇ ಇಲ್ಲ. ತಿರುಳನ್ನು ಊರಲ್ಲೇ ಹೆಪ್ಪುಗಟ್ಟಿಸಿದರೆ ಬಣ್ಣ, ಹುಳಿ, ವಾಸನೆ ಬಹುಪಾಲು ಉಳಿಯುತ್ತದೆ.

ಹಾಗೆ ಬರುವುದರಲ್ಲಿ ನಾನು ತುಂಬ ಇಷ್ಟಪಟ್ಟದ್ದು ಕಜಾ ಮತ್ತು ಉಂಬು. ಎರಡೂ ನಮ್ಮ ಅಮಟೆಕಾಯಿಯ ಹತ್ತಿರದ ನೆಂಟರು. ಉಂಬು ಮರ ಮಳೆ ಕಾಣದ ಒಣ ಸೀಮೆಯದು. ಬೇರಿನಲ್ಲಿ ಗೆಡ್ಡೆ ಕಟ್ಟಿಕೊಂಡು ಅದರಲ್ಲೇ ನೀರು ಕೂಡಿಟ್ಟುಕೊಳ್ಳುತ್ತದೆ. ಆ ಸೀಮೆಯಲ್ಲಿ ಕಾಯಿಯನ್ನು ಬೇಯಿಸಿ, ಹಾಲು ಬೆಲ್ಲ ಸೇರಿಸಿ ಕಲಸಿ ಕುಡಿಯುತ್ತಾರೆ. ಅಮಟೆಕಾಯಿಗೆ ಬೆಲ್ಲ ಹಾಕಿ ಗೊಜ್ಜು ಮಾಡುವವರಿಗೆ ಆ ರುಚಿ ಹೊಸದು ಅನ್ನಿಸುವುದಿಲ್ಲ. ಕುಪುಅಸು ಅಂತ ಇನ್ನೊಂದಿದೆ, ಅಮೆಜಾನ್ ಕಡೆಯದು, ಕೋಕೋ ಜಾತಿಯ ಮರ. ಬಿಳಿ ತಿರುಳು, ಗಮ್ಮೆನ್ನುವ ವಾಸನೆ. ಇದನ್ನು ಹಾಲಿನ ಜೊತೆ ಕೇಳಿ. ಗ್ರವಿಯೋಲಾ ಅಂದರೆ ನಮ್ಮ ಲಕ್ಷ್ಮಣಫಲ, ಅದೂ ಹಾಲಿನ ಜೊತೆಗೇ ಚೆನ್ನ.

ಗೋಡಂಬಿಯ ಕಥೆ ಹೇಳದೆ ಮುಂದೆ ಹೋಗಲಾರೆ. ಗೇರು ಮರದ ಊರು ಈಶಾನ್ಯ ಬ್ರೆಜಿಲ್. ಅಲ್ಲಿನ ಮೂಲ ನಿವಾಸಿಗಳ ತುಪಿ ಭಾಷೆಯ ಹೆಸರೇ ಪೋರ್ಚುಗೀಸರ ಬಾಯಲ್ಲಿ 'ಕಜು' ಆಗಿ, ಹದಿನಾರನೇ ಶತಮಾನದಲ್ಲಿ ಹಡಗು ಹತ್ತಿ ಗೋವಾಕ್ಕೆ ಬಂದು, ಕೊಂಕಣಿ ಹಿಂದಿಯಲ್ಲಿ 'ಕಾಜು' ಆಯಿತು. ಅಲ್ಲಿಂದ ನಮ್ಮ ಕರಾವಳಿಗೆ. ಆದರೆ ಇಲ್ಲಿ ನಾವು ಬೀಜ ಇಟ್ಟುಕೊಂಡು ಹಣ್ಣನ್ನು ಹೆಚ್ಚಾಗಿ ಬಿಸಾಡಿದೆವು. ಗೋವಾದವರು ಫೆನಿ ಮಾಡಿದರು. ಅಲ್ಲಿಯವರಿಗೆ ಹಣ್ಣೇ ಮೊದಲು. ಫೊರ್ತಲೇಜಾ, ರೆಸಿಫೆ ಕಡೆ ಗೇರುಹಣ್ಣಿನ ಜ್ಯೂಸ್ ಇಲ್ಲದ ಮನೆ ಕಾಣುವುದು ಕಷ್ಟ. ಕರಾವಳಿಯವರಿಗೆ ಆ ಹಣ್ಣಿನ ವಾಸನೆ, ಗಂಟಲು ಹಿಡಿಯುವ ಒಗರು ಎರಡೂ ಗೊತ್ತು. ಒಗರಿಗೆ ಕಾರಣ ಟ್ಯಾನಿನ್. ನೀರು, ಸಕ್ಕರೆ, ಐಸ್ ಸೇರಿದಾಗ ಅದು ಹಿಂದೆ ಸರಿದು ವಾಸನೆ ಮುಂದೆ ಬರುತ್ತದೆ.

ಇದೇ ಹಣ್ಣಿನಿಂದ ಕಜುಯಿನಾ ಅಂತ ಒಂದು ಪಾನೀಯ ಮಾಡುತ್ತಾರೆ. ಪಿಯಾವಿ ರಾಜ್ಯದ ಹೆಮ್ಮೆ. 2014ರಲ್ಲಿ ಬ್ರೆಜಿಲ್ ಸರಕಾರ ಅದನ್ನು ದೇಶದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಗೇರುಹಣ್ಣಿನ ರಸಕ್ಕೆ ಜೆಲಟಿನ್ ಹಾಕಿದರೆ ಟ್ಯಾನಿನ್ ಅದಕ್ಕೆ ಅಂಟಿಕೊಂಡು, ಮೊಸರು ಒಡೆದ ಹಾಗೆ ತಳಕ್ಕೆ ಕೂರುತ್ತದೆ. ಬಟ್ಟೆಯಲ್ಲಿ ಮತ್ತೆ ಮತ್ತೆ ಸೋಸಿದರೆ ನೀರಿನಂಥ ತಿಳಿ ಸಿಗುತ್ತದೆ. ಅದನ್ನು ಬಾಟಲಿಗೆ ತುಂಬಿ, ಮುಚ್ಚಿ, ಬಿಸಿನೀರಿನ ಹಂಡೆಯಲ್ಲಿ ಹೊತ್ತುಗಟ್ಟಲೆ ಕಾಯಿಸುತ್ತಾರೆ. ಹಣ್ಣಿನದೇ ಸಕ್ಕರೆ ಕಂದಿ ಜೇನುತುಪ್ಪದ ಬಣ್ಣ ಬರುತ್ತದೆ. ಒಂದು ಚೂರೂ ಸಕ್ಕರೆ ಹಾಕಿರುವುದಿಲ್ಲ, ಮದ್ಯವೂ ಅಲ್ಲ. ಆದರೆ ನೀವು ಸಸ್ಯಾಹಾರಿಗಳು ಅಂದಿರಿ. ಜೆಲಟಿನ್ ಪ್ರಾಣಿಯ ಮೂಳೆ, ಚರ್ಮದಿಂದ ಬರುವಂಥದ್ದು. ಸೋಸಿದಾಗ ಅದು ಹೊರಗೆ ಹೋಗುತ್ತದೆ, ಆದರೂ ಮಾಡುವಾಗ ಮುಟ್ಟಿರುತ್ತದೆ. ಕಟ್ಟುನಿಟ್ಟು ಇರುವವರು ಇದನ್ನು ಬಿಟ್ಟು ಮಾಮೂಲಿ ಗೇರುಹಣ್ಣಿನ ಜ್ಯೂಸ್ ಕುಡಿಯಿರಿ.

ಅಂದ ಹಾಗೆ, ಜ್ಯೂಸ್ ಬಗ್ಗೆ ಕೇಳಿದಿರಿ ಸರಿ, ಆದರೆ ತಟ್ಟೆಯಲ್ಲಿನ ಕಾಳಿನ ಬಗ್ಗೆಯೂ ಎಚ್ಚರ ಇರಲಿ. ಹೋಟೆಲಿನಲ್ಲಿ ಬೇಯಿಸುವ ಕಾಳಿಗೆ ಹಂದಿಯ ಕೊಬ್ಬು ಅಥವಾ ಮಾಂಸದ ತುಂಡು ಹಾಕುವುದು ಸಾಮಾನ್ಯ. ಕೇಳಿಯೇ ಬಡಿಸಿಕೊಳ್ಳಿ. ತೂಕಕ್ಕೆ ದುಡ್ಡು ಕೊಡುವ ಊಟದ ಹೋಟೆಲ್‌ಗಳು ಸಾವ್ ಪಾವ್ಲೊದಲ್ಲಿ ಬೀದಿಗೊಂದು ಇವೆ. ಅಲ್ಲಿ ನಿಮಗೆ ಬೇಕಾದ್ದನ್ನು ನೀವೇ ಆರಿಸಿಕೊಳ್ಳಬಹುದು, ತರಕಾರಿ ಧಾರಾಳ.

ಈಗ ಅಸಾಯಿ. ಇದರ ಹೆಸರು ನೀವು ಬೆಂಗಳೂರಿನಲ್ಲೂ ಕೇಳಿರಬಹುದು. ಸಾವ್ ಪಾವ್ಲೊ, ರಿಯೋದಲ್ಲಿ ಇದು ನೇರಳೆ ಬಣ್ಣದ, ಐಸ್‌ಕ್ರೀಮಿನಂಥ ಸಿಹಿ. ಮೇಲೆ ಬಾಳೆಹಣ್ಣು, ಗ್ರನೋಲಾ ಅನ್ನುವ ಹುರಿದ ಓಟ್ಸ್, ಒಳಗೆ ಗ್ವರನಾ ಅನ್ನುವ ಅಮೆಜಾನ್ ಹಣ್ಣಿನ ಸಿರಪ್. ಆದರೆ ಅದರ ಊರು ಅಮೆಜಾನ್ ನದಿ ಸಮುದ್ರ ಸೇರುವ ಕಡೆಯ ಬೆಲೆಂ. ಅಲ್ಲಿ ಅದು ಸಿಹಿಯೇ ಅಲ್ಲ, ಊಟ. ಮರ ನೋಡಿದರೆ ನಮ್ಮ ಅಡಿಕೆ ಮರವೇ ಅನ್ನಬೇಕು. ಸಪೂರ ಕಾಂಡ, ತುದಿಯಲ್ಲಿ ಗೊನೆ. ಹತ್ತುವವರು ಕಾಲಿಗೆ ಗರಿಯಿಂದ ಹೆಣೆದ ಕುಣಿಕೆ ಸಿಕ್ಕಿಸಿಕೊಂಡು ಏರುತ್ತಾರೆ. ಮಲೆನಾಡಿನಲ್ಲಿ ಅಡಿಕೆ ಕೊನೆ ತೆಗೆಯುವುದನ್ನು ನೋಡಿದ ನನಗೆ ಅದನ್ನು ಕಂಡಾಗ ಕಣ್ಣು ತುಂಬಿತು. ಹಣ್ಣು ಗೋಲಿಯಷ್ಟು, ಅದರಲ್ಲಿ ಬಹುಪಾಲು ಬೀಜವೇ. ಮೇಲಿನ ತೆಳು ಪದರ ಮಾತ್ರ ತಿನ್ನುವಂಥದ್ದು. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಯಂತ್ರದಲ್ಲಿ ನೀರು ಹಾಕುತ್ತಾ ಉಜ್ಜಿ ಕೆನೆಯಂಥ ರಸ ತೆಗೆಯುತ್ತಾರೆ. ಗಟ್ಟಿ, ಮಧ್ಯಮ, ತೆಳು ಅಂತ ಮೂರು ಬಗೆ, ಮೂರಕ್ಕೂ ಬೇರೆ ಬೆಲೆ. ಬೀದಿಯಲ್ಲಿ ಯಾವ ಮನೆಯ ಮುಂದೆ ಕೆಂಪು ಬಾವುಟ ಇದೆಯೋ ಅಲ್ಲಿ ಅವತ್ತು ಅಸಾಯಿ ಸಿಗುತ್ತದೆ ಅಂತ ಅರ್ಥ. ಮರಗೆಣಸಿನ ಹಿಟ್ಟು, ಹುರಿದ ಮೀನಿನ ಜೊತೆ ಬಟ್ಟಲಿನಲ್ಲಿ ಉಣ್ಣುತ್ತಾರೆ. ಸಕ್ಕರೆ ಇಲ್ಲದ ಅಸಾಯಿಯ ರುಚಿ ಮಣ್ಣಿನ ಹಾಗೆ, ಸ್ವಲ್ಪ ಜಿಡ್ಡು. ಎರಡನೇ ಬಟ್ಟಲಿಗೆ ನನಗೆ ಹಿಡಿಸಿತು.

ಒಂದು ಎಚ್ಚರಿಕೆ. ಷಾಗಸ್ ಅಂತ ಒಂದು ಕಾಯಿಲೆ ಇದೆ. 1909ರಲ್ಲಿ ಬ್ರೆಜಿಲ್‌ನ ವೈದ್ಯ ಕಾರ್ಲೋಸ್ ಷಾಗಸ್ ಕಂಡುಹಿಡಿದದ್ದು. ಅದನ್ನು ಹರಡುವ ತಿಗಣೆ ಜಾತಿಯ ಹುಳು ಹಣ್ಣಿನ ಬುಟ್ಟಿಯಲ್ಲಿ ಸೇರಿಕೊಂಡು, ಹಣ್ಣಿನ ಜೊತೆ ಅರೆದುಹೋದರೆ ರಸ ಕುಡಿದವರಿಗೆ ಕಾಯಿಲೆ ಬರಬಹುದು. ಅದಕ್ಕೆ ಬೆಲೆಂ ಇರುವ ಪರಾ ರಾಜ್ಯದಲ್ಲಿ ಹಣ್ಣನ್ನು ಅರೆಯುವ ಮೊದಲು 80 ಡಿಗ್ರಿ ನೀರಿನಲ್ಲಿ 10 ಸೆಕೆಂಡ್ ಅದ್ದಿ ತೆಗೆಯಬೇಕು ಅಂತ ನಿಯಮ ಮಾಡಿದ್ದಾರೆ. ಹೆಪ್ಪುಗಟ್ಟಿಸಿದರೆ ಸಾಕು ಅಂತ ನಂಬಬೇಡಿ, ಈ ರೋಗಾಣು ಚಳಿಗೆ ಅಷ್ಟು ಸುಲಭವಾಗಿ ಸಾಯುವುದಿಲ್ಲ. ಅಂಗಡಿಯಲ್ಲಿ ಅಸಾಯಿ ಚೀಲ ಕೊಳ್ಳುವಾಗ 'ಪಾಶ್ಚರೀಕರಿಸಿದ್ದು', ಅಂದರೆ ಬಿಸಿ ಮಾಡಿ ರೋಗಾಣು ಕೊಂದದ್ದು, ಅಂತ ಬರೆದಿದೆಯಾ ನೋಡಿ. ಕಬ್ಬಿನ ಹಾಲಿಗೂ ಇದೇ ಮಾತು. 2005ರಲ್ಲಿ ಸಾಂತಾ ಕತರೀನಾ ರಾಜ್ಯದಲ್ಲಿ ಕಬ್ಬಿನ ಹಾಲು ಕುಡಿದ ಕೆಲವರು ಇದೇ ಕಾಯಿಲೆಯಿಂದ ತೀರಿಕೊಂಡರು. ಹಾಗಂತ ಕುಡಿಯಲೇಬೇಡಿ ಅನ್ನುವುದಿಲ್ಲ. ಸಾವ್ ಪಾವ್ಲೊದ ವಾರದ ಸಂತೆಯಲ್ಲಿ ಬಿಸಿಬಿಸಿ ಪಸ್ತೆವ್ ಜೊತೆ ಕಬ್ಬಿನ ಹಾಲು ಕುಡಿಯುವುದು ದೊಡ್ಡ ಸುಖ. ಪಸ್ತೆವ್ ಅಂದರೆ ತೆಳು ಹಾಳೆಯೊಳಗೆ ಹೂರಣ ತುಂಬಿ ಕರಿದದ್ದು, ಚೀಸ್ ಹಾಕಿದ್ದು ಸಿಗುತ್ತದೆ. ಕಬ್ಬನ್ನು ತೊಳೆದು, ಸಿಪ್ಪೆ ಹೆರೆದು, ಮುಚ್ಚಿಟ್ಟಿರುವ ಗಾಡಿ ನೋಡಿಕೊಂಡು ಕುಡಿಯಿರಿ. ನಿಂಬೆ ಅಥವಾ ಅನಾನಸ್ ಸೇರಿಸಿ ಕೊಡುತ್ತಾರೆ.

ಕಿತ್ತಳೆ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಜಗತ್ತಿನಲ್ಲಿ ದೇಶದಿಂದ ದೇಶಕ್ಕೆ ಹೋಗುವ ಕಿತ್ತಳೆ ಜ್ಯೂಸ್‌ನಲ್ಲಿ ಸುಮಾರು ಮುಕ್ಕಾಲು ಪಾಲು ಬ್ರೆಜಿಲ್‌ದು. 1962ರ ಕೊನೆಗೆ ಅಮೆರಿಕದ ಫ್ಲೋರಿಡಾದಲ್ಲಿ ಕೊರೆಯುವ ಚಳಿ ಬಿದ್ದು ತೋಟ ಹಾಳಾದ ಮೇಲೆ ಈ ವ್ಯಾಪಾರ ಸಾವ್ ಪಾವ್ಲೊ ರಾಜ್ಯದಲ್ಲಿ ಬೆಳೆಯಿತು. ಈಗ ಸಾಂತೋಸ್ ಬಂದರಿನಿಂದ ಎಣ್ಣೆ ಹಡಗಿನ ಹಾಗೆ ಜ್ಯೂಸ್ ತುಂಬಿದ ಹಡಗುಗಳೇ ಹೊರಡುತ್ತವೆ. ನಿಮಗೆ ಅದು ಬೇಡ. ನೀವು ಹೋಗುವ ಜೂನ್‌ನಲ್ಲಿ ಅಲ್ಲಿ ಚಳಿಗಾಲ, ಒಳ್ಳೆಯ ಕಿತ್ತಳೆ ರಾಶಿ ಬಿದ್ದಿರುತ್ತದೆ. ಬೀದಿಯ ಬೇಕರಿಯಲ್ಲಿ ಬೆಳಿಗ್ಗೆ ಕಣ್ಣೆದುರೇ ಹಿಂಡಿ ಕೊಡುತ್ತಾರೆ. ಡಬ್ಬದ ಜ್ಯೂಸ್ ಕೊಂಡರೆ ಹೆಸರು ಓದಿ. 'ಸುಕು' ಅಂತಿದ್ದರೆ ಜ್ಯೂಸ್. 'ನೆಕ್ತರ್' ಅಂತಿದ್ದರೆ ನೀರು ಬೆರೆಸಿದ್ದು, ಹೆಚ್ಚಾಗಿ ಸಕ್ಕರೆಯೂ ಸೇರಿರುತ್ತದೆ. 'ರೆಫ್ರೆಸ್ಕು' ಅಂತಿದ್ದರೆ ಹಣ್ಣು ಇನ್ನೂ ಕಡಿಮೆ.

ಹಾಲು ಹಾಕಿ ಅರೆದದ್ದಕ್ಕೆ 'ವಿತಮಿನಾ' ಅನ್ನುತ್ತಾರೆ. ಬಾಳೆ, ಪರಂಗಿ, ಓಟ್ಸ್ ಹೀಗೆ ಏನೇನೋ ಸೇರಿಸಿ ಬೆಳಗಿನ ತಿಂಡಿಗೇ ಕುಡಿದುಬಿಡುತ್ತಾರೆ. ಬೆಣ್ಣೆಹಣ್ಣನ್ನು ಅವರೂ ನಮ್ಮ ಜ್ಯೂಸ್ ಅಂಗಡಿಯವರ ಹಾಗೆ ಹಾಲು ಸಕ್ಕರೆ ಹಾಕಿಯೇ ಕುಡಿಯುತ್ತಾರೆ, ಆ ವಿಷಯದಲ್ಲಿ ಮನೆಯಲ್ಲೇ ಇದ್ದ ಹಾಗೆ ಅನ್ನಿಸುತ್ತದೆ. ಆದರೆ ಮಾವಿನಹಣ್ಣಿಗೆ ಹಾಲು ಹಾಕಿ ಅಂದರೆ ಹಳೆ ತಲೆಮಾರಿನವರು ಬೆಚ್ಚಿಬೀಳುತ್ತಾರೆ. ಮಾವು ಮತ್ತು ಹಾಲು ಸೇರಿದರೆ ವಿಷ ಅಂತ ಅಲ್ಲಿ ಬಹಳ ಹಳೆಯ ನಂಬಿಕೆ. ಗುಲಾಮರು ಹಾಲು ಕುಡಿಯದಿರಲಿ ಅಂತ ಧಣಿಗಳು ಹಬ್ಬಿಸಿದ ಸುಳ್ಳು ಅದು ಎಂದು ಅಲ್ಲಿಯವರೇ ಹೇಳುತ್ತಾರೆ. ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾದದ್ದು 1888ರಲ್ಲಿ. ಮಾತು ಮಾತ್ರ ಇನ್ನೂ ಉಳಿದಿದೆ. ನಾನು ಒಂದು ಭಾನುವಾರ ಮನೆಯಲ್ಲಿ ಸೀಕರಣೆ ಮಾಡಿ ನೆರೆಯವರನ್ನು ಕರೆದಿದ್ದೆ. ಆ ಮನೆಯ ಅಜ್ಜಿ ನಾನು ಒಂದು ಬಟ್ಟಲು ಮುಗಿಸುವ ತನಕ ನನ್ನ ಮುಖವನ್ನೇ ನೋಡುತ್ತಾ ಕೂತಿದ್ದರು. ಆಮೇಲೆ ಒಂದು ಚಮಚ ತಿಂದರು. ಮಾವು ನಮ್ಮ ಕಡೆಯಿಂದ ಪೋರ್ಚುಗೀಸರ ಹಡಗಿನಲ್ಲಿ ಹೋದ ಹಣ್ಣು ಅಂತ ಆಗ ಅವರಿಗೆ ಹೇಳಿದೆ.

ನಿಮ್ಮ ಅತ್ತೆಯವರ ವಿಷಯ. ಸಕ್ಕರೆ ಕಾಯಿಲೆ ಇರುವವರಿಗೆ ಊಟಕ್ಕೊಂದು ಲೋಟ ಜ್ಯೂಸ್ ಸರಿಯಲ್ಲ, ಸಕ್ಕರೆ ಹಾಕದಿದ್ದರೂ ಸರಿಯಲ್ಲ. ಅರೆದು ಸೋಸಿದರೆ ನಾರು ಹೋಗಿ ಹಣ್ಣಿನ ಸಕ್ಕರೆ ಬೇಗ ರಕ್ತಕ್ಕೆ ಸೇರುತ್ತದೆ. ಬ್ರೆಜಿಲ್ ಸರಕಾರವೇ 2014ರಲ್ಲಿ ಹೊರತಂದ ಆಹಾರ ಮಾರ್ಗದರ್ಶಿಯಲ್ಲಿ, ಮನೆಯಲ್ಲೇ ಮಾಡಿದ ಜ್ಯೂಸ್ ಕೂಡ ಇಡೀ ಹಣ್ಣಿಗೆ ಸಮ ಅಲ್ಲ, ಹೊಟ್ಟೆಯೂ ಅಷ್ಟು ತುಂಬುವುದಿಲ್ಲ ಅಂತ ಬರೆದಿದ್ದಾರೆ. ಅವರಿಗೆ ಸಂತೆಯಿಂದ ಸೀಬೆ, ಪರಂಗಿ ತಂದು ಹೋಳು ಮಾಡಿ ಕೊಡಿ, ಎಷ್ಟು ಅಂತ ಅವರ ವೈದ್ಯರನ್ನು ಕೇಳಿ. ಕುಡಿಯುವ ಆಸೆಯಾದರೆ ಮರಕುಜಾ ರಸ ಒಂದು ಚಮಚ, ನೀರು ಒಂದು ಲೋಟ, ಸಕ್ಕರೆ ಇಲ್ಲದೆ. ಒಂದು ಚಿಟಿಕೆ ಉಪ್ಪು ಹಾಕಿದರೆ ನಮ್ಮ ನಾಲಿಗೆಗೆ ಒಗ್ಗುತ್ತದೆ. ಉಪ್ಪು ಹಾಕುವುದು ಅಲ್ಲಿ ರೂಢಿಯಿಲ್ಲ, ಅದು ನಮ್ಮ ಮನೆಯ ಪದ್ಧತಿ.

ನಿಮಗೂ ಸಕ್ಕರೆಯ ಎಚ್ಚರ ಬೇಕು. ಸುಮ್ನೆ "ಜ್ಯೂಸ್ ಕೊಡಿ" ಅಂದರೆ ಚಮಚಗಟ್ಟಲೆ ಸಕ್ಕರೆ ಬೀಳುತ್ತದೆ. ಬೇಡವಾದರೆ "ಸೆಂ ಅಸೂಕರ್" ಅನ್ನಿ. ಐಸ್ ಬೇಡವಾದರೆ "ಸೆಂ ಜೇಲು". ನೀರು ಹಾಕಿ ಅನ್ನಲು "ಕೊಂ ಆಗ್ವ", ಹಾಲು ಹಾಕಿ ಅನ್ನಲು "ಕೊಂ ಲೇಚಿ". ತಾಜಾ ಹಣ್ಣಿನದೇ ಬೇಕಿದ್ದರೆ "ದ ಫ್ರೂತಾ?" ಅಂತ ಕೇಳಿ, ಇದ್ದದ್ದು ಇದ್ದ ಹಾಗೆ ಹೇಳುತ್ತಾರೆ. ಮೊದಲ ದಿನಕ್ಕೆ ನನ್ನ ಸಲಹೆ ಅನಾನಸ್ ಮತ್ತು ಪುದೀನ, 'ಅಬಕಶಿ ಕೊಂ ಒರ್ತೆಲಾ'. ಅದಕ್ಕೆ ಸಕ್ಕರೆ ಬೇಕಾಗುವುದೇ ಇಲ್ಲ. ಅನಾನಸ್ ಅನ್ನುವ ನಮ್ಮ ಪದದ ಬೇರು ಆ ಕಡೆಯ ಮೂಲ ನಿವಾಸಿಗಳ ಭಾಷೆಯದೇ, ಆದರೆ ಅವರು ಈಗ ಅಬಕಶಿ ಅನ್ನುತ್ತಾರೆ.

ಕೌಂಟರ್ ಮುಂದೆ ನಿಂತೇ ಕುಡಿಯಿರಿ, ಮೇಜಿಗೆ ಹೋಗಬೇಡಿ. ಅಂಗಡಿಯವನು ಲೋಟ ತುಂಬಿಸಿದ ಮೇಲೆ ಮಿಕ್ಸಿ ಜಾರ್‌ನ ತಳದಲ್ಲಿ ಇನ್ನೂ ಒಂದಿಷ್ಟು ಉಳಿದಿರುತ್ತದೆ. ಅದನ್ನು ಚೆಲ್ಲುವುದಿಲ್ಲ. ಜಾರ್ ಅನ್ನು ನಿಮ್ಮ ಲೋಟದ ಪಕ್ಕದಲ್ಲೇ ಇಟ್ಟಿರುತ್ತಾನೆ. ಅದಕ್ಕೆ 'ಶೋರು' ಅನ್ನುತ್ತಾರೆ, ಅಳು ಅಂತ ಅರ್ಥ, ಅತ್ತು ಕೇಳಿ ಪಡೆಯುವಂಥದ್ದು. ನಮ್ಮ ಸಂತೆಯಲ್ಲಿ ಸೊಪ್ಪಿನವಳು ಕೊನೆಗೆ ಹಾಕುವ ಕೊಸರು ಇದೆಯಲ್ಲ, ಅದೇ. ನೀವು ಅರ್ಧ ಲೋಟ ಕುಡಿದು ಕೆಳಗಿಡಿ. ಅವನು ಕೇಳದೆಯೇ ಜಾರ್ ಬಗ್ಗಿಸಿ ಲೋಟವನ್ನು ಮತ್ತೆ ಅಂಚಿನವರೆಗೆ ತುಂಬಿಸುತ್ತಾನೆ.